ಒಂದು ನಾಮಕರಣದ ವ್ಯಾಜ್ಯ

ನಮ್ಮ ಹಿರಿಯರು ನಾಮಕರಣವನ್ನು ಹದಿನಾರು ಸಂಸ್ಕಾರಗಳಲ್ಲಿ ಒಂದಾಗಿ ಎಣಿಸಿದರು. ಕೂಗಿ ಕರೆಯಲು ಒಂದು ಸದ್ದನ್ನು ಗೊತ್ತುಮಾಡುವುದಷ್ಟೇ ಅದರ ಉದ್ದೇಶವಲ್ಲ. ಕೂಸು ಯಾವ ಮನೆಯದು, ಯಾರ ಋಣ ಅದರ ಮೇಲಿದೆ ಎಂಬುದನ್ನು ನಾಲ್ವರ ಮುಂದೆ ಒಪ್ಪಿಕೊಳ್ಳುವುದೂ ಹೌದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯ ಒಳಗುಟ್ಟು ಇದೇ ಅಲ್ಲವೆ? ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೊಂದು ವ್ಯಾಜ್ಯ ಮೂರು ದಶಕಗಳಿಂದ ನಡೆದುಬಂದಿದೆ. ಒಂದು ಸ್ವತಂತ್ರ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ‘ಲಿನಕ್ಸ್’ ಎನ್ನಬೇಕೋ ‘ಗ್ನೂ/ಲಿನಕ್ಸ್’ ಎನ್ನಬೇಕೋ ಎಂಬುದೇ ಆ ವ್ಯಾಜ್ಯ. ಯಂತ್ರದ ಮರ್ಮವನ್ನು ಬಲ್ಲವರು ಬೇರೆ ಇದ್ದಾರೆ. ಹೆಸರಿನ ವಿಚಾರವಾದರೋ ವ್ಯಾಕರಣ ಹೇಳುವವನಿಗೂ ಸಲ್ಲುವಂಥದು.

1983ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ನರು, ಯಾರ ಒಡೆತನಕ್ಕೂ ಅಡಿಯಾಳಾಗದ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವೆನೆಂದು ಸಾರಿದರು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಮೊಳೆತ ಯೂನಿಕ್ಸ್ ಅದಕ್ಕೆ ಮಾದರಿ. ಆದರೆ ಯೂನಿಕ್ಸಿಗೆ ಒಡೆಯರಿದ್ದರು, ಇದಕ್ಕೆ ಇರಬಾರದು. ಆದುದರಿಂದ ‘ಗ್ನೂ ಎಂಬುದು ಯೂನಿಕ್ಸ್ ಅಲ್ಲ’ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ‘ಗ್ನೂ’ ಎಂದು ಹೆಸರಿಟ್ಟರು. ಹೆಸರನ್ನು ಬಿಡಿಸಹೊರಟರೆ ಒಳಗೆ ಅದೇ ಹೆಸರು ಮತ್ತೆ ಎದುರಾಗುತ್ತದೆ. ನಮ್ಮ ತಾರ್ಕಿಕರು ಇದನ್ನು ಆತ್ಮಾಶ್ರಯವೆಂದು ಕರೆದು ದೋಷಗಳ ಸಾಲಿಗೆ ಸೇರಿಸಿದ್ದಾರೆ. ಸ್ಟಾಲ್‌ಮನ್ನರು ಅದನ್ನೇ ವಿನೋದವಾಗಿಸಿದರು. ಗ್ನೂ ಎಂಬುದು ಆಫ್ರಿಕದ ಒಂದು ಪ್ರಾಣಿಯ ಹೆಸರೂ ಹೌದು. ಇಂಗ್ಲಿಷಿನವರು ಅದರ ಗಕಾರವನ್ನು ನುಂಗಿ ‘ನೂ’ ಎನ್ನುತ್ತಾರೆ. ವ್ಯವಸ್ಥೆಯ ಹೆಸರಿನಲ್ಲಿ ಮಾತ್ರ ಗಕಾರವನ್ನು ನುಡಿಯಲೇಬೇಕೆಂದು ಸ್ಟಾಲ್‌ಮನ್ನರ ಕೋರಿಕೆ. ‘ಅಗ್ನಿ’ ಎಂದು ತಡವರಿಸದೆ ನುಡಿಯುವ ನಮಗೆ ಇದೇನೂ ತೊಡಕಲ್ಲ.

1991ರ ವೇಳೆಗೆ ಕಂಪೈಲರ್, ಬರೆಹದ ಸಾಧನ, ಆಜ್ಞೆಗಳನ್ನು ಸ್ವೀಕರಿಸುವ ಷೆಲ್ ಮೊದಲಾದುವು ಸಿದ್ಧವಾಗಿದ್ದುವು. ಆದರೆ ಇವೆಲ್ಲಕ್ಕೂ ಯಂತ್ರಕ್ಕೂ ನಡುವೆ ನಿಂತು ಕೆಲಸವನ್ನು ಹಂಚುವ ತಿರುಳು ಪಕ್ವವಾಗಿರಲಿಲ್ಲ. ಆ ವರ್ಷವೇ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಒಂದು ತಿರುಳನ್ನು ರಚಿಸಿದರು. ಅವರು ಇಡಬೇಕೆಂದಿದ್ದ ಹೆಸರು ‘ಫ್ರೀಯಾಕ್ಸ್’. ಅದನ್ನು ತಮ್ಮ ಸರ್ವರಿನಲ್ಲಿ ಇರಿಸಿಕೊಟ್ಟ ಆರಿ ಲೆಮ್ಕೆಯವರಿಗೆ ಆ ಹೆಸರು ರುಚಿಸದೆ ‘ಲಿನಕ್ಸ್’ ಎಂದು ಬರೆದರು. ಹೀಗೆ ತಂದೆ ಒಂದು ಹೆಸರನ್ನು ನೆನೆದಿರಲು, ತೊಟ್ಟಿಲು ಕೊಟ್ಟವರು ಇಟ್ಟ ಹೆಸರೇ ನಿಂತಿತು. 1992ರಲ್ಲಿ ಲಿನಕ್ಸ್ ಗ್ನೂವಿನ ಪರವಾನಗಿಯನ್ನೇ ಅಂಗೀಕರಿಸಿತು. ತಿರುಳು ಗ್ನೂವಿನ ಅಂಗಗಳೊಡನೆ ಕೂಡಿತು; ಕೂಡಿದುದನ್ನೆಲ್ಲ ಜನ ‘ಲಿನಕ್ಸ್’ ಎಂದೇ ಕರೆದರು.

ವ್ಯಾಜ್ಯದ ಬೇರು ಇಲ್ಲಿದೆ. ಒಳ್ಳೆಯ ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಮುಟ್ಟದೆ ಉಳಿದರೆ ಅವ್ಯಾಪ್ತಿ, ಲಕ್ಷ್ಯವನ್ನು ಮೀರಿ ಹರಿದರೆ ಅತಿವ್ಯಾಪ್ತಿ. ‘ಲಿನಕ್ಸ್ ತಿರುಳುಳ್ಳದ್ದೇ ಈ ವ್ಯವಸ್ಥೆ’ ಎಂದು ಹೇಳಿದೆವೆನ್ನಿ. ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನಲ್ಲಿಯೂ ಅದೇ ತಿರುಳಿದೆ. ಗ್ನೂವಿನ ಪರಿವಾರ ಅಲ್ಲಿಲ್ಲ. ಇದು ಅತಿವ್ಯಾಪ್ತಿ. ಡೆಬಿಯನ್ ಬಳಗವು ಗ್ನೂವಿನದೇ ಆದ ‘ಹರ್ಡ್’ ಎಂಬ ತಿರುಳಿನ ಮೇಲೆ ಅದೇ ಪರಿವಾರವನ್ನು ನಿಲ್ಲಿಸಿದೆ; ಅದು ನಮ್ಮ ಲಕ್ಷಣದಿಂದ ಹೊರಗುಳಿಯುತ್ತದೆ. ಇದು ಅವ್ಯಾಪ್ತಿ. ಹಾಗೆಂದು ಎಲ್ಲಕ್ಕೂ ‘ಗ್ನೂ/ಲಿನಕ್ಸ್’ ಎಂಬ ಪಟ್ಟವೂ ಸಲ್ಲದು. ಆಲ್ಪೈನ್ ಎಂಬ ಪುಟ್ಟ ವ್ಯವಸ್ಥೆಯಲ್ಲಿ ಲಿನಕ್ಸ್ ಉಂಟು, ಆದರೆ ಅದರ ಮೂಲ ಸಾಧನಗಳು ಗ್ನೂವಿನವಲ್ಲ. ಒಡಲನ್ನು ನೋಡಿ ಹೆಸರನ್ನು ಹೇಳಬೇಕೆಂಬುದೇ ಇದರ ಸಾರ.

ಹಲವರ ದುಡಿಮೆ ಕೂಡಿರುವಲ್ಲಿ ಒಬ್ಬನ ಹೆಸರನ್ನೇ ಏಕೆ ಸೇರಿಸಬೇಕೆಂಬ ಆಕ್ಷೇಪವೂ ಉಂಟು. ಇದು ಹುರುಳಿಲ್ಲದ ಮಾತಲ್ಲ. ತೆರೆಯ ಮೇಲೆ ಕಿಟಕಿಗಳನ್ನು ತೋರುವ ಎಕ್ಸ್ ವ್ಯವಸ್ಥೆ ಎಂ.ಐ.ಟಿ.ಯದು, ಬರ್ಕ್ಲಿಯ ವಿದ್ವಾಂಸರ ಪಾಲೂ ಇದೆ. ಇದಕ್ಕೆ ಗ್ನೂ ಪಕ್ಷದವರು, ಹಿಂದೆ ಒಂದು ಸಂಪುಟವನ್ನು ಅಳೆದಾಗ ಗ್ನೂವಿನ ಪಾಲು ಶೇಕಡಾ 28, ತಿರುಳಿನ ಪಾಲು ಶೇಕಡಾ 3 ಇದ್ದಿತೆಂದು ಉತ್ತರಿಸುತ್ತಾರೆ. ನನಗಾದರೋ ಈ ತೂಕಕ್ಕಿಂತ ಅವರ ಇನ್ನೊಂದು ಮಾತು ಹಿರಿದಾಗಿ ತೋರುತ್ತದೆ. ಉಳಿದವರು ಒಂದೊಂದು ಅಂಗವನ್ನು ರಚಿಸಿದರು. ಇಡೀ ಸ್ವತಂತ್ರ ವ್ಯವಸ್ಥೆಯೊಂದು ಇರಬೇಕೆಂದು ಸಂಕಲ್ಪಿಸಿ ಹೊರಟುದು ಗ್ನೂ. ಸಮಾಸದ ಭಾಷೆಯಲ್ಲಿ ಹೇಳುವುದಾದರೆ ‘ಗ್ನೂ/ಲಿನಕ್ಸ್’ ಎಂಬುದು ದ್ವಂದ್ವ. ಎರಡು ಪದಗಳಿಗೂ ಸಮಾನ ಪ್ರಾಧಾನ್ಯ.

ಇನ್ನು ‘ಸ್ವತಂತ್ರ’ ಎಂಬ ವಿಶೇಷಣ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಮಾತು ಬಿಡುಗಡೆಯನ್ನೂ ಹೇಳುತ್ತದೆ, ಬಿಟ್ಟಿಯನ್ನೂ ಹೇಳುತ್ತದೆ. ಈ ಗೊಂದಲ ತಪ್ಪಲೆಂದೂ, ವ್ಯಾಪಾರಸ್ಥರಿಗೆ ಹಿತವಾಗಲೆಂದೂ 1998ರಲ್ಲಿ ಕೆಲವರು ‘ಓಪನ್ ಸೋರ್ಸ್’ ಎಂಬ ಬೇರೆ ಮಾತನ್ನೇ ಹೂಡಿದರು. ಕನ್ನಡಕ್ಕೆ ಆ ಪೇಚಿಲ್ಲ. ನಮ್ಮಲ್ಲಿ ಬಿಟ್ಟಿ, ಪುಕ್ಕಟೆಗಳು ಬೇರೆ. ಸ್ವತಂತ್ರ, ಮುಕ್ತಗಳು ಬೇರೆ. ಸ್ವತಂತ್ರವೆಂದರೆ ತನ್ನ ತಂತ್ರವೇ ತನಗೆ ಆಸರೆಯಾಗುಳ್ಳದ್ದು. ಯಾವ ಉದ್ದೇಶಕ್ಕಾದರೂ ನಡೆಸುವ, ಒಳಹೊಕ್ಕು ಕಲಿತು ತಿದ್ದುವ, ಪ್ರತಿಗಳನ್ನು ಹಂಚುವ, ತಿದ್ದಿದುದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಅದರ ಲಕ್ಷಣ. ಗಣಕದವರ ವಾಡಿಕೆಯಂತೆ ಇವುಗಳ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಬೆಲೆಯ ಮಾತು ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ಹಣ ಪಡೆದು ಮಾರಿದರೂ ಅದು ಸ್ವತಂತ್ರವಾಗಿಯೇ ಉಳಿದೀತು. ಬಿಟ್ಟಿಯಾಗಿ ದೊರೆತುದು ಪರತಂತ್ರವಾಗಿರಲೂಬಹುದು. ‘ಸ್ವತಂತ್ರ ತಂತ್ರಾಂಶ’ ಎಂಬುದನ್ನು ಅನ್ವರ್ಥನಾಮಕ್ಕೆ ಉದಾಹರಣೆಯಾಗಿ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇಷ್ಟೆಲ್ಲ ಚರ್ಚೆಯಿಂದ ಕನ್ನಡಿಗರಿಗೆ ಆಗಬೇಕಾದುದೇನು? ಒಡೆಯನುಳ್ಳ ತಂತ್ರಾಂಶಕ್ಕೆ ಕನ್ನಡದ ಮಾತು ಬರಬೇಕಾದರೆ ಒಡೆಯನ ಕೃಪೆಗೆ ಕಾಯಬೇಕು. ಲಾಭ ಕಾಣದಿದ್ದರೆ ಅವನು ಕಿವಿಗೊಡನು. ಸ್ವತಂತ್ರ ವ್ಯವಸ್ಥೆಯಲ್ಲಾದರೋ ಯಾರ ಅಪ್ಪಣೆಯನ್ನೂ ಬೇಡದೆ ಕನ್ನಡಿಗನೇ ಅದನ್ನು ಕನ್ನಡಿಸಬಹುದು. ಗ್ನೋಮ್ ಎಂಬ ತೆರೆಯ ಪರಿಸರಕ್ಕೆ ಸ್ವಯಂಸೇವಕರು ಕನ್ನಡದ ಮಾತುಗಳನ್ನು ತೊಡಿಸಿದುದು ಈ ಹಕ್ಕಿನ ಬಲದಿಂದಲೇ. ಈ ಹಕ್ಕು ತಾನಾಗಿ ಉದುರಿದ ಹಣ್ಣಲ್ಲ. ಒಬ್ಬರು ಸಂಕಲ್ಪಿಸಿ, ಹಲವರು ದುಡಿದು, ಪರವಾನಗಿಯ ಬೇಲಿ ಕಟ್ಟಿ ಕಾಪಾಡಿದುದು. ಆ ಸಂಕಲ್ಪದ ಗುರುತು ‘ಗ್ನೂ’ ಎಂಬ ಒಂದಕ್ಷರದಲ್ಲಿದೆ. ಅದನ್ನು ಮರೆತ ವಿದ್ಯಾರ್ಥಿ ಸೌಕರ್ಯವನ್ನು ಅನುಭವಿಸಿಯಾನು. ಆದರೆ ಅದು ಕೈಬಿಟ್ಟುಹೋಗುವ ದಿನ ಏನು ಹೋಯಿತೆಂದು ಅರಿಯಲಾರನು.

ರೂಢಿ ಬಲವಾದುದು. ‘ಲಿನಕ್ಸ್’ ಎಂದವರ ಮಾತನ್ನು ನಡುವೆಯೇ ತಡೆದು ತಿದ್ದಬೇಕೆಂದು ನಾನು ಹೇಳುವುದಿಲ್ಲ. ತಿರುಳನ್ನು ಕುರಿತು ಹೇಳುವಾಗ ಲಿನಕ್ಸ್ ಎನ್ನೋಣ. ಗ್ನೂ ಪರಿವಾರದೊಡನೆ ಕೂಡಿದ ಇಡೀ ವ್ಯವಸ್ಥೆಯನ್ನು ಹೇಳುವಾಗ ಗ್ನೂ/ಲಿನಕ್ಸ್ ಎನ್ನೋಣ. ನಾಲಗೆಗೆ ಹೆಚ್ಚಾಗುವ ಹೊರೆ ಒಂದಕ್ಷರ ಮಾತ್ರ.