ರೋಟರಿ ವಿಮಾನಯಂತ್ರದಲ್ಲಿ ವಿದ್ಯುದಂಗಗಳ ನಿರ್ಣಯ

ಫ್ರಾನ್ಸ್ ದೇಶದ ಸೆಗ್ಯಾಂ ಸಹೋದರರು 1908ರ ಸುಮಾರಿಗೆ ನಿರ್ಮಿಸಿದ ನೋಮ್ ಯಂತ್ರವೂ, ಬಳಿಕ ಬಂದ ಲ ರೋನ್ ಯಂತ್ರವೂ ರೋಟರಿ ಜಾತಿಯವು. ಇವುಗಳಲ್ಲಿ ನಡುವಣ ವಕ್ರದಂಡವು ವಿಮಾನದ ಒಡಲಿಗೆ ಬಿಗಿದು ನಿಶ್ಚಲವಾಗಿರುವುದು. ಸಿಲಿಂಡರುಗಳೇ ಪ್ರೊಪೆಲರಿನೊಡನೆ ಅದನ್ನು ಸುತ್ತುವುವು. ವಾಕ್ಯದಲ್ಲಿ ಕಾರಕವನ್ನು ಕ್ರಿಯಾಸಂಬಂಧದಿಂದ ತಿಳಿಯುವಂತೆ, ಇಲ್ಲಿ ಕಿಡಿಯ ಅಂಗಗಳನ್ನು ಸ್ಥಿರವಾವುದು, ಚರವಾವುದು ಎಂಬುದರಿಂದ ನಿರ್ಣಯಿಸತಕ್ಕದ್ದು.

ಸ್ಥಿರವಾದವು ಎರಡು: ವಿದ್ಯುತ್ತನ್ನು ಹುಟ್ಟಿಸುವ ಮ್ಯಾಗ್ನೆಟೋ, ಅದನ್ನು ದಾಟಿಸುವ ಇಂಗಾಲದ ಬ್ರಷ್. ಚರವಾದವು ಮೂರು: ಯಂತ್ರದ ಹಿಂಗಡೆಯ ವಿತರಣದ ಬಳೆ, ಹೊದಿಕೆಯಿಲ್ಲದ ಹಿತ್ತಾಳೆಯ ತಂತಿಗಳು, ಸ್ಪಾರ್ಕ್ ಪ್ಲಗ್ಗುಗಳು. ಬಳೆಯು ವಿದ್ಯುತ್ತನ್ನು ಹರಿಯಗೊಡದ ವಸ್ತುವಿನದು. ಅದರಲ್ಲಿ ಸಿಲಿಂಡರಿಗೊಂದರಂತೆ ಲೋಹದ ತುಂಡುಗಳು ಕೂಡಿರುವುವು. ಇವನ್ನೆಣಿಸಿದರೆ ಬಿಡಿಯಾಗಿ ದೊರೆತ ಬಳೆಯು ಏಳು ಸಿಲಿಂಡರಿನದೋ ಒಂಬತ್ತರದೋ ಎಂಬುದು ಸ್ಪಷ್ಟವಾಗುವುದು.

ಮ್ಯಾಗ್ನೆಟೋವಿನ ವೇಗವೂ ಒಂದು ಲಕ್ಷಣ. ಯಂತ್ರವು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದು ಕಿಡಿ ಬೇಕು. ಒಂಬತ್ತು ಸಿಲಿಂಡರುಗಳಿಗೆ ಒಂಬತ್ತು ಕಿಡಿ. ಮ್ಯಾಗ್ನೆಟೋ ಸುತ್ತಿಗೆ ಎರಡು ಕಿಡಿ ಕೊಡುವುದಾದರೆ ಅದು ನಾಲ್ಕೂವರೆ ಸುತ್ತು ತಿರುಗಬೇಕು. ಆದುದರಿಂದ ಹಲ್ಲುಚಕ್ರಗಳ ವೇಗಪ್ರಮಾಣವು 9ಕ್ಕೆ 4. ಏಳು ಸಿಲಿಂಡರುಗಳಲ್ಲಿ 7ಕ್ಕೆ 4.

ಕೊನೆಯದಾಗಿ, ಮ್ಯಾಗ್ನೆಟೋವಿನಿಂದ ಸ್ವಿಚ್ಚಿಗೆ ಹೋಗುವ ಒಂಟಿ ತಂತಿ. ಇದು ವಿದ್ಯುತ್ತನ್ನು ತರುವ ತಂತಿಯೆಂದು ಭ್ರಮಿಸುವುದುಂಟು. ಮ್ಯಾಗ್ನೆಟೋವಿಗೆ ಬ್ಯಾಟರಿಯ ಅಪೇಕ್ಷೆಯೇ ಇಲ್ಲ. ಈ ತಂತಿಯು ಯಂತ್ರದ ಲೋಹದೊಡನೆ ಕೂಡಿದಾಗ ಕಿಡಿ ನಿಲ್ಲುವುದು. ಕಡಿದುಹೋದರೆ ಕಿಡಿ ಸದಾ ಸಿದ್ಧ. ತಂತಿಯನ್ನು ಬಿಚ್ಚಿ, ಯಂತ್ರವು ನಿರ್ಜೀವವೆಂದು ನಂಬಿ ಪ್ರೊಪೆಲರಿಗೆ ಕೈಯಿಡುವವನಿಗೆ ಈ ಅಂಗದ ಅನ್ಯಥಾಜ್ಞಾನವು ಪ್ರಾಣಾಪಾಯಕ್ಕೆ ಕಾರಣವಾದೀತು.