ಒಂದು ಅಕ್ಷರ, ಎರಡು ಬಾಗಿಲು

ಅಕ್ಷರವೆಂದರೆ ಧ್ವನಿಯ ಗುರುತು ಎಂದೇ ನಮ್ಮ ತಿಳಿವಳಿಕೆ. ಜಪಾನಿನ ಮಕ್ಕಳು ಶಾಲೆಯಲ್ಲಿ ಕಲಿಯುವ ಚೀನೀ ಅಕ್ಷರಗಳ ರೀತಿಯೇ ಬೇರೆ. 'ಕಾಂಜಿ' ಎಂದು ಅಲ್ಲಿ ಕರೆಯಲಾಗುವ ಈ ಅಕ್ಷರಕ್ಕೆ ಧ್ವನಿಯ ಜೊತೆಗೆ ಅರ್ಥವೂ ಉಂಟು. ಸಾಮಾನ್ಯವಾಗಿ ಒಂದೊಂದಕ್ಕೂ ಒಂದಕ್ಕಿಂತ ಹೆಚ್ಚು ಉಚ್ಚಾರಣೆಗಳೂ ಉಂಟು.

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಜಪಾನೀ ಭಾಷೆ ಚೀನೀ ಭಾಷೆಯ ಕುಲಕ್ಕೆ ಸೇರಿದ್ದಲ್ಲ. ಕೊರಿಯದ ಮಾರ್ಗವಾಗಿ ಚೀನದ ಅಕ್ಷರಗಳನ್ನು ಪಡೆದ ಜಪಾನೀಯರು ಅವುಗಳೊಡನೆ ಬಂದ ಉಚ್ಚಾರಣೆಯನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಅದೇ ಅಕ್ಷರಕ್ಕೆ ತಮ್ಮ ಮನೆಮಾತಿನ ಶಬ್ದವನ್ನೂ ಹೊಂದಿಸಿದರು. ಬೆಟ್ಟವನ್ನು ಸೂಚಿಸುವ ಅಕ್ಷರ ಒಂಟಿಯಾಗಿ ನಿಂತಾಗ 'ಯಾಮಾ'. ಫೂಜಿ ಪರ್ವತದ ಹೆಸರಿನಲ್ಲಿ 'ಸಾನ್'. ಹುಟ್ಟು, ಬದುಕುಗಳನ್ನು ಸೂಚಿಸುವ ಅಕ್ಷರಕ್ಕಂತೂ ಹತ್ತಕ್ಕೂ ಹೆಚ್ಚು ಉಚ್ಚಾರಣೆಗಳಿವೆ. ಅದು ಮೊದಲನೆಯ ತರಗತಿಯ ಪಾಠ!

ಹಾಗಾದರೆ ಉಪಾಧ್ಯಾಯರು ಎಲ್ಲಿಂದ ಆರಂಭಿಸಬೇಕು? ಮಗು ಬಲ್ಲ ಮಾತಿನಿಂದ. ಆರು ವರ್ಷದ ಮಗುವಿಗೆ 'ಯಾಮಾ' ಎಂದರೇನೆಂದು ಗೊತ್ತು. ಆ ಮಾತಿಗೆ ಒಂದು ರೂಪವನ್ನು ಕೊಟ್ಟರಾಯಿತು. ಮರದ ಅಕ್ಷರವನ್ನು ಎರಡು ಬಾರಿ ಬರೆದರೆ ತೋಪು, ಮೂರು ಬಾರಿ ಬರೆದರೆ ಕಾಡು. ಮನುಷ್ಯನ ಪಕ್ಕದಲ್ಲಿ ಮರವಿಟ್ಟರೆ ವಿಶ್ರಾಂತಿ. ಯಾವ ಗೆರೆ ಮೊದಲು, ಯಾವುದು ಅನಂತರ ಎಂಬ ಕ್ರಮವನ್ನೂ ಕೈಗೆ ರೂಢಿ ಮಾಡಿಸುತ್ತಾರೆ. ಬೆಂಕಿಯ ಅಕ್ಷರದೊಡನೆ ಬೆಟ್ಟದ ಅಕ್ಷರ ಸೇರಿದಾಗ 'ಕಾಜಾನ್', ಎಂದರೆ ಜ್ವಾಲಾಮುಖಿ. 'ಸಾನ್' ಇಲ್ಲಿ 'ಜಾನ್' ಆಗಿದೆ. ಮನೆಮಾತಿನ ಉಚ್ಚಾರಣೆ ಮಗುವನ್ನು ಅಕ್ಷರದೊಳಕ್ಕೆ ಕರೆತರುವ ಬಾಗಿಲಾದರೆ, ಚೀನೀ ಮೂಲದ ಉಚ್ಚಾರಣೆ ಅದನ್ನು ವಿದ್ಯೆಯ ಲೋಕಕ್ಕೆ ಕಳುಹಿಸುವ ಬಾಗಿಲು. ಶಬ್ದಗಳನ್ನು ಬಿಟ್ಟು ಉಚ್ಚಾರಣೆಗಳ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿಸಿದರೆ ಎರಡೂ ಮುಚ್ಚಿಕೊಳ್ಳುತ್ತವೆ.

ಮೊದಲ ವರ್ಷ 80 ಅಕ್ಷರಗಳು. 2020ರಿಂದ ಜಾರಿಯಲ್ಲಿರುವ ಕ್ರಮದಂತೆ ಆರನೆಯ ತರಗತಿ ಮುಗಿಯುವಾಗ ಒಟ್ಟು 1026. ಇದು ಮಕ್ಕಳಿಗೆ ಹೊರೆಯೆಂಬ ಆಕ್ಷೇಪ ಹಳೆಯದು. ಯುದ್ಧಾನಂತರ ಕಾಂಜಿಯನ್ನೇ ಕೈಬಿಡಬೇಕೆಂಬ ವಾದವೂ ಬಲವಾಗಿತ್ತು; 1946ರಲ್ಲಿ ಸರಕಾರ ಬಳಕೆಯ ಅಕ್ಷರಗಳನ್ನು 1850ಕ್ಕೆ ಮಿತಿಗೊಳಿಸಿತು. ಆದರೆ ಗಣಕಯಂತ್ರಗಳು ಬಂದ ಮೇಲೆ ಕ್ಲಿಷ್ಟ ಅಕ್ಷರಗಳೂ ಬೆರಳ ತುದಿಯಲ್ಲಿ ಮೂಡತೊಡಗಿದವು. 2010ರಲ್ಲಿ ಬಳಕೆಯ ಪಟ್ಟಿ 2136ಕ್ಕೆ ಏರಿತು. ವಿಷಾದವನ್ನು ಸೂಚಿಸುವ 29 ಗೆರೆಗಳ ಅಕ್ಷರವೂ ಆಗಲೇ ಸೇರಿದ್ದು. ಪಟ್ಟಿಯ ಎಲ್ಲವನ್ನೂ ಕೈಯಲ್ಲಿ ಬರೆಯಬಲ್ಲವರಾಗಬೇಕಿಲ್ಲ ಎಂಬ ನಿಲುವೂ ಅದರೊಡನೆ ಬಂತು.

ಕಣ್ಣು ಗುರುತಿಸುವುದನ್ನು ಕೈ ಮರೆಯಬಹುದೆ ಎಂಬ ಪ್ರಶ್ನೆ ಈಗ ಅಲ್ಲಿನ ಉಪಾಧ್ಯಾಯರ ಮುಂದಿದೆ. ದೊಡ್ಡವರಿಗೆ ಯಂತ್ರ ನೆರವಾದೀತು. ಮೊದಲ ಎಂಬತ್ತು ಅಕ್ಷರಗಳನ್ನು ಮಾತ್ರ ಮಗು ತನ್ನ ಕೈಯಿಂದಲೇ, ಒಂದೊಂದು ಗೆರೆಯಾಗಿ, ಬರೆದು ಕಲಿಯಬೇಕು.