ರೆಡ್ ಬೇ: ಕಾರ್ಖಾನೆಯ ಅಂಗಳದಲ್ಲಿ ಬಿಡಾರ

ಮನೆಯನ್ನೇ ರಿಪೇರಿಗೆ ಬಿಡಬೇಕಾಗಿ ಬಂದರೆ ಮನೆಯವರು ರಾತ್ರಿ ಎಲ್ಲಿ ಮಲಗಬೇಕು? ಕಾರಾದರೆ ಮೆಕ್ಯಾನಿಕ್ ಕೈಗೆ ಕೀಲಿ ಕೊಟ್ಟು ಮನೆಗೆ ಬರಬಹುದು. ಒಲೆ, ಫ್ರಿಜ್ಜು, ಮಂಚ, ಬಚ್ಚಲು, ಬಟ್ಟೆಯ ಬೀರು, ಬಿ.ಪಿ. ಮಾತ್ರೆಯ ಡಬ್ಬಿ, ಸಾಕಿದ ನಾಯಿ ಎಲ್ಲವೂ ಆ ಗಾಡಿಯೊಳಗೇ ಇದ್ದರೆ? ಅಮೆರಿಕದಲ್ಲಿ ನಿವೃತ್ತರಾದ ಮೇಲೆ ಇದ್ದ ಮನೆ ಮಾರಿ, ಮೋಟಾರ್‌ಹೋಮ್ ಕೊಂಡು, ವರ್ಷವಿಡೀ ಅದರಲ್ಲೇ ಊರೂರು ತಿರುಗುತ್ತ ಬದುಕುವ ದಂಪತಿಗಳು ಬಹಳ. ಫುಲ್‌ಟೈಮರ್‌ಗಳು ಎಂದು ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ. ಗಾಡಿ ಕೆಟ್ಟ ದಿನ ಅವರ ಸಂಸಾರವೇ ಬೀದಿಗೆ ಬರುತ್ತದೆ.

ಈ ಕಷ್ಟಕ್ಕೆ ಅಲ್ಲಿನ ಕೆಲವು ಮೋಟಾರ್‌ಹೋಮ್ ತಯಾರಕರು ಕಂಡುಕೊಂಡ ದಾರಿ ಸರಳವಾದದ್ದು. ಗಾಡಿ ತಯಾರಾಗುವ ಊರಿನಲ್ಲೇ, ರಿಪೇರಿ ಷೆಡ್ಡಿನ ಪಕ್ಕದಲ್ಲೇ, ಗಾಡಿಯವರು ಬಿಡಾರ ಹೂಡಲು ಜಾಗ ಮಾಡಿಕೊಟ್ಟರು. ಇಂಥ ತಾಣಗಳಲ್ಲಿ ಹೆಸರಾದದ್ದು ಅಲಬಾಮಾ ರಾಜ್ಯದ ರೆಡ್ ಬೇ ಎಂಬ ಪುಟ್ಟ ಊರಿನ ಅಲೆಗ್ರೋ ಕ್ಯಾಂಪ್‌ಗ್ರೌಂಡ್. ಊರಿನ ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಪಶ್ಚಿಮಕ್ಕೆ ಒಂದಿಷ್ಟು ನಡೆದರೆ ಮಿಸಿಸಿಪ್ಪಿ ರಾಜ್ಯ. ಇಲ್ಲಿಯೇ 1972ರಲ್ಲಿ ಬಾಬ್ ಟಿಫಿನ್ ಮೋಟಾರ್‌ಹೋಮ್ ಕಟ್ಟಲು ತೊಡಗಿದರು. ಮರುವರ್ಷವೇ ಅರಬ್ ದೇಶಗಳ ತೈಲ ನಿರ್ಬಂಧ ಬಂತು, ಪೆಟ್ರೋಲ್ ಬಂಕುಗಳ ಮುಂದೆ ಅಮೆರಿಕನ್ನರು ಸಾಲು ನಿಂತರು. ಪೆಟ್ರೋಲ್ ಕುಡಿಯುವ ಇಂಥ ದೈತ್ಯ ಗಾಡಿಗಳ ಉದ್ಯಮಕ್ಕೆ ಅದಕ್ಕಿಂತ ಕೆಟ್ಟ ಕಾಲವಿರಲಿಲ್ಲ. ಆ ಹೊಡೆತ ತಾಳಿಕೊಂಡ ಟಿಫಿನ್ ಕಂಪನಿ ಮುಂದೆ ಆ ಸೀಮೆಗೆ ಅನ್ನ ಕೊಡುವ ಉದ್ಯಮವಾಗಿ ಬೆಳೆಯಿತು.

ಕೋಟಿಗಟ್ಟಲೆ ರೂಪಾಯಿ ಬೆಲೆಬಾಳುವ ಹೊಸ ಗಾಡಿ ಯಾಕೆ ಕೆಡಬೇಕು ಎಂದು ಯಾರಾದರೂ ಕೇಳುತ್ತಾರೆ. ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಇವರ ಕಸುಬುಗಳೆಲ್ಲ ನಿಂತಲ್ಲೇ ನಿಲ್ಲುವ ಕಟ್ಟಡಕ್ಕಾಗಿ ಬೆಳೆದು ಬಂದಂಥವು. ಮೋಟಾರ್‌ಹೋಮಿನಲ್ಲಿ ಅವರ ಕೆಲಸವನ್ನೆಲ್ಲ ಲಾರಿಯಂಥ ಚಾಸಿಯ ಮೇಲೆ ಕೂರಿಸಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾರೆ. ಹೆದ್ದಾರಿಯ ಪ್ರತಿ ಕುಲುಕಿಗೂ ಒಂದು ಸ್ಕ್ರೂ ಸಡಿಲವಾಗುತ್ತದೆ, ಪೈಪಿನ ಒಂದು ಜೋಡಣೆ ಅಲುಗುತ್ತದೆ, ಬೀರುವಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ತಲೆನೋವು ಕೊಡುವುದು ಸ್ಲೈಡ್‌ಔಟ್. ಗಾಡಿ ನಿಂತ ಮೇಲೆ ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗ, ಸೋಫಾ ಮಂಚಗಳ ಸಮೇತ, ಮೋಟರಿನ ಬಲದಿಂದ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆ. ಹೊರಡುವಾಗ ಮತ್ತೆ ಒಳಕ್ಕೆ. ಗೋಡೆಗೇ ಚಲನೆ ಬಂದ ಮೇಲೆ ಮಳೆನೀರನ್ನು ತಡೆಯುವ ಭಾರವೆಲ್ಲ ಅಂಚಿನ ರಬ್ಬರ್ ಪಟ್ಟಿಯ ಮೇಲೆ. ಅದು ಒಂದು ಕಡೆ ಹರಿದರೂ ನೀರು ಸದ್ದಿಲ್ಲದೆ ನೆಲದ ಪ್ಲೈವುಡ್ಡಿಗೆ ಇಳಿಯುತ್ತದೆ. ಕಾಲಿಗೆ ಮೆತ್ತಗೆ ತಾಕಿದಾಗ ಗೊತ್ತಾಗುವಷ್ಟರಲ್ಲಿ ಹಲಗೆ ಕೊಳೆತಿರುತ್ತದೆ. ಛಾವಣಿಯ ಕತೆಯೂ ಇದೇ. ಏಸಿ, ಗಾಳಿಕಿಂಡಿ, ಆಂಟೆನಾ ಎಂದು ಅಲ್ಲಲ್ಲಿ ಕೊರೆದು, ಸುತ್ತ ಅಂಟು ಬಳಿದಿರುತ್ತಾರೆ. ಬಿಸಿಲಿಗೆ ಆ ಅಂಟು ಬಿರುಕು ಬಿಡುತ್ತದೆ.

ಇನ್ನೊಂದು ತೊಡಕು, ಇಡೀ ಗಾಡಿಗೆ ಒಬ್ಬನೇ ಹೊಣೆಗಾರನಿಲ್ಲ. ಚಾಸಿ ಫ್ರೈಟ್‌ಲೈನರ್ ಕಂಪನಿಯದಿರಬಹುದು, ಎಂಜಿನ್ ಕಮ್ಮಿನ್ಸ್, ಗೇರ್‌ಬಾಕ್ಸ್ ಆಲಿಸನ್, ಜನರೇಟರ್ ಓನಾನ್. ಒಂದೊಂದಕ್ಕೂ ಬೇರೆ ವಾರಂಟಿ, ಬೇರೆ ಕಾಗದ. ಮಾರಿದ ಡೀಲರ್ ಬಳಿ ಹೋದರೆ ಬಿಡಿಭಾಗ ಬರಬೇಕು, ಕಂಪನಿಯ ಒಪ್ಪಿಗೆ ಬರಬೇಕು ಎಂದು ಗಾಡಿ ವಾರಗಟ್ಟಲೆ ಅಂಗಳದಲ್ಲಿ ನಿಲ್ಲುವುದುಂಟು. ಅಷ್ಟು ದಿನ ಮನೆಯವರು ಹೋಟೆಲ್ ರೂಮಿನಲ್ಲಿ ನಾಯಿಯನ್ನು ಕಟ್ಟಿಕೊಂಡು ಕೂರಬೇಕು. ಸಾವಿರಾರು ಮೈಲಿ ಓಡಿಸಿಕೊಂಡು ಗಾಡಿ ಹುಟ್ಟಿದೂರಿಗೇ ಜನ ಬರುವುದು ಇದಕ್ಕಾಗಿ. ಟಿಫಿನ್ ಕಾರ್ಖಾನೆಯಲ್ಲಿ ಬೀರುಗಳ ಮರಗೆಲಸ ತಮ್ಮದೇ ಬಡಗಿಶಾಲೆಯಲ್ಲಿ ಆಗುತ್ತದೆ. ಬಾಗಿಲ ಬಣ್ಣ ಹೊಂದಬೇಕಾದರೆ, ಗೋಡೆಯೊಳಗೆ ಯಾವ ವೈರು ಎತ್ತ ಹೋಗಿದೆ ಎಂದು ತಿಳಿಯಬೇಕಾದರೆ, ಅದನ್ನು ಕೂರಿಸಿದವರು ಆಚೆ ಷೆಡ್ಡಿನಲ್ಲೇ ಸಿಗುತ್ತಾರೆ.

ಕ್ಯಾಂಪ್‌ಗ್ರೌಂಡ್ ನೋಡಲು ಏನೂ ಚೆಂದವಿಲ್ಲ. ಕೆರೆಯಿಲ್ಲ, ಕಾಡಿಲ್ಲ, ಒಂದರ ಪಕ್ಕ ಒಂದು ಒತ್ತಾಗಿ ನಿಂತ ಬಸ್ಸಿನಷ್ಟು ದೊಡ್ಡ ಗಾಡಿಗಳು. ಕೆಲವು 45 ಅಡಿ ಉದ್ದದವು. ಆದರೆ ಪ್ರತಿ ಜಾಗಕ್ಕೂ ನೀರಿನ ನಲ್ಲಿ, ವಿದ್ಯುತ್ತಿನ ಕಂಬ, ಮಲಿನ ನೀರು ಹರಿಸುವ ಕೊಳವೆ ಇವೆ. ನೆಮ್ಮದಿಯಾಗಿರಲು ಅಷ್ಟು ಸಾಕು.

ಇಲ್ಲಿನ ದಿನ ಬೇಗ ಶುರುವಾಗುತ್ತದೆ. ಬೆಳಗಿನ ಏಳರ ಹೊತ್ತಿಗೆ ಷೆಡ್ಡುಗಳಲ್ಲಿ ಕೆಲಸ ಹತ್ತಿರುತ್ತದೆ. ಅಂದು ಸರದಿ ಬಂದವರು ಅದಕ್ಕೂ ಮೊದಲೇ ಎದ್ದು, ಕಾಫಿ ಮುಗಿಸಿ, ಹಾಸಿಗೆ ಮಡಚಿ, ಸ್ಲೈಡ್‌ಔಟ್ ಒಳಕ್ಕೆಳೆದು, ನೀರಿನ ಪೈಪು ಬಿಚ್ಚಿ ಸುತ್ತಿಟ್ಟು ಸಿದ್ಧರಾಗಬೇಕು. ಆಮೇಲೆ ಗಾಡಿ ಷೆಡ್ಡಿನೊಳಕ್ಕೆ, ಮನೆಯವರು ನಾಯಿಯ ಹಗ್ಗ ಹಿಡಿದು ಕಾಯುವ ಕೋಣೆಗೆ. ಸಂಜೆ ಕೆಲಸ ಮುಗಿಯದಿದ್ದರೆ ಮನೆ ಮತ್ತೆ ಕ್ಯಾಂಪ್‌ಗ್ರೌಂಡಿಗೆ ಬರುತ್ತದೆ. ಅದೇ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಮತ್ತೆ ಅದೇ ಕ್ರಮ. ಈ ವ್ಯವಸ್ಥೆಯ ಜೀವಾಳ ಇರುವುದು ಹೀಗೆ ಮನೆ ಹಗಲು ರಿಪೇರಿಗೆ, ರಾತ್ರಿ ಯಜಮಾನರಿಗೆ ಎಂಬ ಹಂಚಿಕೆಯಲ್ಲಿ. ಸಣ್ಣ ಕೆಲಸಗಳಿಗೆ ಬೇರೆ ಷೆಡ್ಡು ಮೀಸಲಿಟ್ಟದ್ದು ಇನ್ನೊಂದು ಜಾಣತನ. ಬೀಗ ಬದಲಿಸಲು ಬಂದವರು ಕೊಳೆತ ನೆಲ ಕೀಳಿಸುವವರ ಹಿಂದೆ ಸಾಲು ನಿಲ್ಲಬೇಕಿಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ಕಾಯುವವರ ನಡುವೆ ಬೆಳೆಯುವ ಬಳಕೆ. ದೊಡ್ಡಾಸ್ಪತ್ರೆಯ ಪಕ್ಕದ ಛತ್ರದಲ್ಲಿ ರೋಗಿಗಳ ಕಡೆಯವರು ಹೇಗೆ ಒಂದೇ ದಿನದಲ್ಲಿ ಹತ್ತಿರವಾಗುತ್ತಾರೋ ಇಲ್ಲೂ ಹಾಗೆಯೇ. ಸಂಜೆ ಮಡಚುವ ಕುರ್ಚಿ ಹಾಕಿಕೊಂಡು ಕೂತರೆ ಪಕ್ಕದವರು ಬಂದು ನಿಮ್ಮದಕ್ಕೇನು ಎಂದು ಕೇಳುತ್ತಾರೆ. ಜಾಕ್ ಏಳುತ್ತಿಲ್ಲ, ಬ್ಯಾಟರಿ ನಿಲ್ಲುತ್ತಿಲ್ಲ, ಮುಂದಿನ ಗಾಜು ಸೀಳಿದೆ. ಕೇಳಿದವರಿಗೂ ಅದೇ ಆಗಿತ್ತು. ಯಾವ ವಾಲ್ವ್ ನೋಡಿಸಬೇಕು ಎಂದು ಹೇಳಿಕೊಡುತ್ತಾರೆ. ಯಂತ್ರದ ಗಂಧವೇ ಇಲ್ಲದೆ ಬಂದ ನಿವೃತ್ತ ಮೇಷ್ಟ್ರು ಇಲ್ಲಿಂದ ಹೊರಡುವಾಗ ಇನ್ವರ್ಟರಿನ ಮರ್ಮ ತಿಳಿದವರಾಗಿರುತ್ತಾರೆ. ಊರಿಗೂ ಇದರಿಂದ ಬದುಕು. ಕಾರ್ಖಾನೆಯಲ್ಲಿ ಪಳಗಿದ ಕೆಲವರು ಪಾಳಿ ಮುಗಿಸಿ ಸಂಜೆ ಸ್ವಂತಕ್ಕೆ ಕೆಲಸ ಒಪ್ಪಿಕೊಳ್ಳುತ್ತಾರೆ. ಕೆಲವರು ಪೇಂಟಿನ ಅಂಗಡಿ, ಗಾಜಿನ ಅಂಗಡಿ, ನೆಲಹಾಸಿನ ಅಂಗಡಿ ಇಟ್ಟಿದ್ದಾರೆ. ಯಾರ ಕೈ ಒಳ್ಳೆಯದು ಎಂಬ ಸುದ್ದಿ ಕುರ್ಚಿಯಿಂದ ಕುರ್ಚಿಗೆ ದಾಟುತ್ತದೆ.

ಬಾಬ್ ಟಿಫಿನ್ ಗಿರಾಕಿಗಳ ಫೋನನ್ನು ತಾವೇ ಎತ್ತಿ ಮಾತಾಡುತ್ತಿದ್ದರು ಎಂಬುದು ಈ ವಲಯದಲ್ಲಿ ಎಲ್ಲರೂ ಬಲ್ಲ ಮಾತು. ಅವರ ಮಕ್ಕಳು ಮೊಮ್ಮಕ್ಕಳೂ ಕಂಪನಿಯಲ್ಲಿ ದುಡಿದರು. ಮಗ ವ್ಯಾನ್ ಟಿಫಿನ್ ಅಲಬಾಮಾದವರಿಗೆ ಬೇರೆ ಕಾರಣಕ್ಕೂ ಪ್ರಿಯ. 1985ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಎದುರಿನ ಫುಟ್‌ಬಾಲ್ ಪಂದ್ಯದ ಕೊನೆಯ ಗಳಿಗೆಯಲ್ಲಿ 52 ಗಜ ದೂರದಿಂದ ಚೆಂಡು ಒದ್ದು ಅಲಬಾಮಾ ವಿಶ್ವವಿದ್ಯಾಲಯವನ್ನು ಗೆಲ್ಲಿಸಿದವರು ಅವರೇ. 2020ರ ಡಿಸೆಂಬರಿನಲ್ಲಿ ಥಾರ್ ಇಂಡಸ್ಟ್ರೀಸ್ ಎಂಬ ದೊಡ್ಡ ಸಂಸ್ಥೆ ಟಿಫಿನ್ ಕಂಪನಿಯನ್ನು 30 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮಾಲೀಕನ ನಂಬರು ಜೇಬಿನಲ್ಲಿಟ್ಟುಕೊಂಡು ತಿರುಗಿದ ಹಳೆಯ ಗಿರಾಕಿಗಳಿಗೆ ಅದು ಸಣ್ಣ ಬದಲಾವಣೆಯಲ್ಲ.

ಭಾನುವಾರ ಷೆಡ್ಡು ಮುಚ್ಚಿರುತ್ತದೆ. ಮೋಟಾರ್‌ಹೋಮಿನ ಹಿಂದೆ ಎಳೆದು ತಂದ ಸಣ್ಣ ಕಾರು ಆಗ ಉಪಯೋಗಕ್ಕೆ ಬರುತ್ತದೆ. ಎಲ್ವಿಸ್ ಪ್ರೀಸ್ಲಿ 1935ರಲ್ಲಿ ಹುಟ್ಟಿದ ಎರಡು ಕೋಣೆಯ ಮನೆ ಮಿಸಿಸಿಪ್ಪಿಯ ಟುಪೆಲೋದಲ್ಲಿದೆ. ಹೆಲೆನ್ ಕೆಲ್ಲರ್ ನೀರಿನ ಸ್ಪರ್ಶದಿಂದ ಮಾತಿನ ಲೋಕಕ್ಕೆ ಬಂದ ಕೈಪಂಪು ಟಸ್ಕಂಬಿಯಾದ ಅವರ ಮನೆಯಂಗಳದಲ್ಲಿದೆ. ಡಿಸ್ಮಲ್ಸ್ ಕಣಿವೆಯ ಬಂಡೆಗಳಲ್ಲಿ ರಾತ್ರಿ ನೀಲಿಯಾಗಿ ಮಿನುಗುವ ಪುಟ್ಟ ಹುಳುಗಳಿವೆ. ರಕೂನ್ ಬೇಟೆಯ ನಾಯಿಗಳಿಗೆಂದೇ ಇರುವ ಸ್ಮಶಾನವೂ ಈ ಸೀಮೆಯಲ್ಲಿದೆ. 1937ರಲ್ಲಿ ಒಬ್ಬ ಬೇಟೆಗಾರ ತನ್ನ ಟ್ರೂಪ್ ಎಂಬ ನಾಯಿಯನ್ನು ಹೂಳಿದ ಜಾಗ ಅದು. ಈಗ ಅಲ್ಲಿ ಮುನ್ನೂರರ ಮೇಲ್ಪಟ್ಟು ಗೋರಿಗಳಿವೆ. ತಮ್ಮ ನಾಯಿಯನ್ನು ದೇಶವಿಡೀ ಜೊತೆಗೆ ಕರೆದೊಯ್ಯುವ ಈ ಜನರಿಗೆ ಆ ಜಾಗ ತಟ್ಟದೆ ಇರದು.

ವಸಂತದಲ್ಲಿ ಬಂದವರು ಆಕಾಶದ ಮೇಲೂ ಕಣ್ಣಿಡಬೇಕು. 2011ರ ಏಪ್ರಿಲ್ 27ರಂದು ಬೀಸಿದ ಸುಂಟರಗಾಳಿ ಇದೇ ಫ್ರಾಂಕ್ಲಿನ್ ಕೌಂಟಿಯ ಫಿಲ್ ಕ್ಯಾಂಪ್‌ಬೆಲ್ ಊರನ್ನು ಧ್ವಂಸ ಮಾಡಿತು. ಅದು ಸಾಗಿದ ಹಾದಿಯುದ್ದಕ್ಕೂ 72 ಜನ ಸತ್ತರು. ಅಂಥ ಗಾಳಿಗೆ ಚಕ್ರದ ಮೇಲಿನ ಮನೆ ಆಸರೆಯಾಗುವುದಿಲ್ಲ. ಸೈರನ್ ಕೂಗಿದರೆ ಗಾಡಿ ಬಿಟ್ಟು ಗಟ್ಟಿ ಕಟ್ಟಡಕ್ಕೆ ಓಡಬೇಕು.

ಈ ಬಗೆಯ ಆಸರೆ ರೆಡ್ ಬೇಯಲ್ಲಿ ಮಾತ್ರ ಇರುವುದಲ್ಲ. ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ಮೋಟಾರ್‌ಹೋಮ್ ತಯಾರಿಸುವ ವಿನ್ನೆಬಾಗೋ ಕಂಪನಿ ಇದೆ. ಇಂಡಿಯಾನಾದ ನಪ್ಪನೀಯಲ್ಲಿ ನ್ಯೂಮಾರ್, ಅಲ್ಲಿ ಆಮಿಷ್ ಪಂಗಡದ ಕೈಗೆಲಸದವರು ಹೆಚ್ಚು. ಟೆಕ್ಸಾಸ್‌ನ ನಾಕಡೋಚಸ್‌ನಲ್ಲಿ ಫೋರ್‌ಟ್ರಾವೆಲ್. ದಕ್ಷಿಣ ಕೆರೊಲಿನಾದ ಗ್ಯಾಫ್ನಿಯಲ್ಲಿ ಫ್ರೈಟ್‌ಲೈನರ್ ಕಂಪನಿ ಗಾಡಿಯವರಿಗೆ ತರಗತಿ ನಡೆಸಿ ಚಾಸಿಯ ಆರೈಕೆ ಕಲಿಸುತ್ತದೆ. ಕೊಂಡವರಿಗೆ ಕಲಿಸಿಕೊಡುವ ಈ ಪದ್ಧತಿ ಎಲ್ಲ ಕಾರ್ಖಾನೆಗಳಲ್ಲೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಈ ಕಾಯುವಿಕೆಯನ್ನು ಹಾಡಿ ಹೊಗಳಲು ನನ್ನಿಂದಾಗದು. ಕಾರ್ಖಾನೆಯಲ್ಲೇ ಸರಿಯಾಗಿ ಬಿಗಿಯಬೇಕಿದ್ದ ಬೋಲ್ಟು ಬಿಗಿಸಿಕೊಳ್ಳಲು ಗಿರಾಕಿ ಅರ್ಧ ದೇಶ ದಾಟಿ ಬರಬೇಕೆಂದರೆ ಅದು ತಯಾರಕನ ಸೋಲು. ಬಿಡುವಿರುವ ನಿವೃತ್ತರು ತಾಳಿಯಾರು. ಎರಡು ವಾರದ ರಜೆ ಹಾಕಿ ಬಂದ, ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಕ್ಕೆ ಇದು ಆಗದ ಮಾತು. ಆದರೂ ತಾನು ಮಾರಿದ್ದು ಮರಳಿ ಬಂದಾಗ ಬಾಗಿಲು ಹಾಕಿಕೊಳ್ಳದೆ, ಇರಲು ಜಾಗವನ್ನೂ ಕೊಟ್ಟು, ಮಾಡಿದ ಕೈಯಿಂದಲೇ ಸರಿಪಡಿಸಿ ಕಳಿಸುವ ತಯಾರಕನ ಮೇಲೆ ನನಗೆ ಗೌರವವಿದೆ.

ಅನುಭವಿಗಳು ಪಟ್ಟಿ ಬರೆದುಕೊಂಡೇ ಬರುತ್ತಾರೆ. ಯಾವ ದೋಷ ಯಾವಾಗ ಕಂಡಿತು, ಮಳೆಯಲ್ಲೋ ಬಿಸಿಲಲ್ಲೋ, ಗಾಡಿ ಓಡುವಾಗಲೋ ನಿಂತಾಗಲೋ ಎಂದೆಲ್ಲ ಗುರುತು ಹಾಕಿಕೊಂಡು ಫೋಟೋ ಸಮೇತ ತೋರಿಸುತ್ತಾರೆ. ರಿಪೇರಿ ಮುಗಿದು ಬಿಲ್ಲು ಕಟ್ಟಿದ ಕೂಡಲೇ ಅವರು ಹೆದ್ದಾರಿ ಹಿಡಿಯುವುದೂ ಇಲ್ಲ. ಇನ್ನೊಂದು ರಾತ್ರಿ ಕ್ಯಾಂಪ್‌ಗ್ರೌಂಡಿನಲ್ಲೇ ಉಳಿದು, ಸ್ಲೈಡ್‌ಔಟ್ ಹೊರತೆಗೆದು, ನಲ್ಲಿಗಳನ್ನೆಲ್ಲ ಬಿಟ್ಟು, ಛಾವಣಿಯ ಮೇಲೆ ಪೈಪಿನಿಂದ ನೀರು ಹಾಯಿಸಿ ನೋಡುತ್ತಾರೆ. ಎಲ್ಲೋ ಒಂದು ಕಡೆ ತೇವ ಕಂಡರೆ ಬೆಳಿಗ್ಗೆ ಏಳಕ್ಕೆ ಮತ್ತೆ ಷೆಡ್ಡಿನ ಕೌಂಟರ್ ಮುಂದೆ ನಿಂತಿರುತ್ತಾರೆ.